ಹೇರುವ ಗಾಡಿ, ಓಡುವ ಗಾಡಿ

ಅಣ್ಣತಮ್ಮಂದಿರು ಭಾಗವಾದಾಗ ಮನೆಯ ನಡುವೆ ಒಂದು ಮಣ್ಣಿನ ಗೋಡೆ ಎದ್ದಿತು. ಆ ಕಡೆ ನನ್ನ ಭಾವನವರು, ಅಂದರೆ ನಮ್ಮ ಯಜಮಾನರ ಅಣ್ಣ, ಮತ್ತು ಅವರ ಹೆಂಡತಿ. ಈ ಕಡೆ ನಾವು, ಜೊತೆಗೆ ಅತ್ತೆ. ಗೋಡೆಯನ್ನು ಸೂರು ಮುಟ್ಟುವ ತನಕ ಏರಿಸಿರಲಿಲ್ಲ. ಅವರ ಒಲೆಯ ಮೇಲೆ ಸಾಸಿವೆ ಸಿಡಿದರೆ ನನಗೆ ಕೇಳಿಸುತ್ತಿತ್ತು.

ನಮ್ಮೂರು ಅಂತರಸಂತೆಗೂ ಕೋಟೆ ಪಟ್ಟಣಕ್ಕೂ ನಡುವೆ, ರಸ್ತೆಯಿಂದ ಸ್ವಲ್ಪ ಒಳಗೆ. ಭಾಗದಲ್ಲಿ ನಮಗೆ ಬಾವಿ ಮಗ್ಗುಲ ಹೊಲ, ಒಂದು ಹಸು, ಹಲ್ಲು ಸವೆದ ಒಂದು ಜೊತೆ ಎತ್ತು ಬಂದವು. ಮನೆಯ ಗಾಡಿ ಅವರ ಪಾಲಾಯಿತು. ಆ ಗಾಡಿಯ ಗಾಲಿಗಳು ಆಗಲೇ ಗೆದ್ದಲು ಹಿಡಿದು ಹೋಗಿದ್ದವು, ಬರೀ ಮೈ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಅದಕ್ಕೆ ನಾನೇನೂ ಕೊರಗಲಿಲ್ಲ. ಆದರೆ ಭಾವನವರು ಪಿರಿಯಾಪಟ್ಟಣದ ಕಡೆಯಿಂದ ಒಂದು ಓಟದ ಗಾಡಿ ತಂದರು. ಅಲ್ಲಿಂದ ನನಗೆ ಶುರುವಾಯಿತು.

ಓಟದ ಗಾಡಿ ಅಂದರೆ ಗದ್ದೆ ಹೊಲಕ್ಕೆ ಆಗಿಬರುವ ಗಾಡಿಯಲ್ಲ. ಗಾಲಿ ತೆಳು, ಅಚ್ಚು ತೆಳು, ಇಬ್ಬರು ಮೂವರು ಕೂತರೆ ತುಂಬಿತು. ಸುಗ್ಗಿ ಮುಗಿದ ಮೇಲೆ ಕೊಯ್ದ ಬಯಲುಗಳಲ್ಲಿ ಅಲ್ಲಲ್ಲಿ ಗಾಡಿ ಓಟ ಇಡುತ್ತಿದ್ದರು. ಅದಕ್ಕೆಂದೇ ಮಾಡಿಸಿದ್ದು. ಆದರೆ ಓಟವಿಲ್ಲದ ದಿನಗಳಲ್ಲಿ ಅದರಲ್ಲಿ ನನ್ನ ಓರಗಿತ್ತಿ ಸಂತೆಗೆ ಹೋಗುತ್ತಿದ್ದಳು. ಎತ್ತುಗಳ ಕೊರಳಲ್ಲಿ ಗೆಜ್ಜೆ, ಕೋಡಿಗೆ ಕೆಂಪು ಕುಚ್ಚು, ಮೇಲೆ ಇವಳು.

ನಾನು ಸಂಜೆ ದೀಪ ಹಚ್ಚುವಾಗ ಆ ದಿನ ನಮ್ಮೂರ ದೇವತೆ ಅಮ್ಮ ಕೊಟ್ಟದ್ದನ್ನು ನೆನೆದು ಕೈಮುಗಿಯುವುದು ಮೊದಲಿನಿಂದ ರೂಢಿ. ಮಗುವಿಗೆ ಬಂದ ಜ್ವರ ಇಳಿಯಿತು, ಹಸು ಒದೆಯದೆ ಹಾಲು ಕೊಟ್ಟಿತು, ಒದ್ದೆ ಸೌದೆಯಲ್ಲೂ ಒಲೆ ಹತ್ತಿತು, ಇಷ್ಟೇ. ಇವು ಸಣ್ಣವು ಎಂದು ನನಗೆ ಯಾವತ್ತೂ ಅನ್ನಿಸಿದ್ದಿಲ್ಲ. ಆದರೆ ಆ ವರ್ಷ ನಾನು ನೆನೆದು ಮುಗಿಸುವ ಮೊದಲೇ ಗೋಡೆಯಾಚೆ ಗೆಜ್ಜೆ ಸದ್ದು ಬಂದು ನಿಲ್ಲುತ್ತಿತ್ತು. ಹಸು ಹಾಲು ಕೊಟ್ಟದ್ದು ಮರೆತೇ ಹೋಗುತ್ತಿತ್ತು.

ಒಂದು ಸಂತೆ ದಿನ ನಾನು ಹುರುಳಿ ಮೂಟೆ ತಲೆಯ ಮೇಲಿಟ್ಟುಕೊಂಡು ಅಂತರಸಂತೆ ದಾರಿಯಲ್ಲಿ ನಡೆಯುತ್ತಿದ್ದೆ. ಹಿಂದಿನಿಂದ ಗಾಡಿ ಬಂದು ನಿಂತಿತು.

"ಅಮ್ಮೀ, ಅತ್ಕಳೇ. ಜಾಗ ಇಲ್ಲ, ಆದ್ರೂ ಒತ್ತರಿಸ್ಕಂಡು ಕೂತ್ಕಳಣ" ಎಂದಳು ಓರಗಿತ್ತಿ.

ಆ "ಜಾಗ ಇಲ್ಲ, ಆದ್ರೂ" ಅನ್ನುವುದು ಇದೆಯಲ್ಲ, ಅದು ನನ್ನ ಎದೆಗೆ ನಾಟಿತು.

"ಬ್ಯಾಡ ಕಣಕ್ಕ. ಸಂತೆಗೆ ನಡ್ಕಂಡೇ ಓಯ್ತೀನಿ ಅಂತ ಅಮ್ಮನಿಗೆ ಅರಕೆ ಮಾಡ್ಕಂಡಿವ್ನಿ" ಎಂದೆ.

"ಅದ್ಯಾವಾಗ ಮಾಡ್ಕಂಡ್ಯೇ?"

"ಈಗ್ಲೇ."

ಗಾಡಿ ಹೊಡೆಯುತ್ತಿದ್ದ ಭಾವನವರು ಮುಖ ಆ ಕಡೆ ತಿರುಗಿಸಿ ನಕ್ಕದ್ದು ಅವರ ಬೆನ್ನಿನಲ್ಲೇ ಕಂಡಿತು. ಗಾಡಿ ಹೋಯಿತು, ಧೂಳು ನನಗೆ ಉಳಿಯಿತು. ಬಾಯಿಂದ ಬಂದ ಮೇಲೆ ಹರಕೆ ಹರಕೆಯೇ. ಆಮೇಲೆ ಎಷ್ಟೋ ದಿನ, ಬಿಸಿಲಿರಲಿ ಮಳೆಯಿರಲಿ, ಸಂತೆಗೆ ನಡೆದೇ ಹೋದೆ.

ಆ ಸುಗ್ಗಿಯಲ್ಲಿ ಅವರ ಗಾಡಿ ಗೆದ್ದು ಒಂದು ತಾಮ್ರದ ಕೊಡ ತಂದಿತು. ಅದನ್ನು ಅಟ್ಟದ ಮೇಲಿಡಬಹುದಿತ್ತು, ಅವಳು ದಿನಾ ಬಾವಿಗೆ ತಂದಳು. ಕಲ್ಲಿನ ಮೇಲೆ ಠಣ್ಣೆಂದು ಇಟ್ಟು ಸೊಂಟ ನೀವಿಕೊಳ್ಳುವಳು.

"ತಾಮ್ರದ್ದು ಬಲು ಭಾರ ಕಣಮ್ಮೀ. ನಿಂದೇ ವಾಸಿ ಬುಡು, ಮಣ್ಣಿಂದು, ಅಗುರ."

"ಬದ್ಲಾಯ್ಸ್ಕಳನ ಬುಡಕ್ಕ, ಭಾರ ಅಂದ್ರೆ" ಎಂದೆ ಒಂದು ದಿನ.

ಬಾವಿಕಟ್ಟೆಯಲ್ಲಿದ್ದ ಹೆಂಗಸರು ನಕ್ಕರು. ಅವಳೂ ನಕ್ಕಳು, ಕೊಡ ಮಾತ್ರ ಬದಲಾಗಲಿಲ್ಲ.

ಇದು ಹೀಗಿರುವಾಗ ನನ್ನ ಅಪ್ಪ ಹೇಳಿ ಕಳಿಸಿದರು. ತವರು ವೀರನಹೊಸಹಳ್ಳಿ ಹತ್ತಿರ. ಅಲ್ಲಿ ನಮ್ಮ ಹೊಲದ ಬದುವಿನಲ್ಲಿ ಒಂದು ಕರಿಜಾಲಿ ಮರವಿತ್ತು. ಜಾಲಿ ಸಾಮಾನ್ಯವಾಗಿ ಸೊಟ್ಟಗೆ ಬೆಳೆಯುವ ಮರ. ಇದು ಹೇಗೋ ನೆಟ್ಟಗೆ ಎದ್ದಿತ್ತು. ನಾನು ಚಿಕ್ಕವಳಾಗಿದ್ದಾಗ ಅದರ ಕಾಯಿ ಬಡಿದು ಆಡಿಗೆ ಹಾಕುತ್ತಿದ್ದೆ, ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು ಅಳುತ್ತಿದ್ದೆ. ಮದುವೆಯಾದಾಗ ಅಪ್ಪ, "ಈ ಮರ ನಿಂದು ಕಣವ್ವ. ಗಾಡಿ ಬೇಕು ಅಂದಾಗ ಬಂದು ಕಡ್ಕಂಡೋಗು" ಎಂದಿದ್ದರು. ಈಗ, ಮರ ಬಲಿತಿದೆ, ನಿಮಗೂ ಗಾಡಿಯಿಲ್ಲ, ಬನ್ನಿ ಎಂದು ಕರೆದರು.

ಮರ ಕಡಿದು, ದಿಮ್ಮಿಗಳನ್ನು ಅಪ್ಪನ ಗಾಡಿಯಲ್ಲೇ ತಂದು, ಕೆರೆಯ ನೀರಿನಲ್ಲಿ ಮುಳುಗಿಸಿ, ಆಮೇಲೆ ನೆರಳಿನಲ್ಲಿ ಒಣಗಿಸಿದೆವು. ಪಕ್ಕದೂರಿನ ಬಡಗಿ, ಆಚಾರ್ರು, ಬಂದು ದಿಮ್ಮಿ ತಟ್ಟಿ ನೋಡಿದರು.

"ಒಳ್ಳೆ ಮರ. ಆದ್ರೆ ಒಂದೇ ಗಾಡಿ ಆಯ್ತದೆ. ಏರೋ ಗಾಡಿ ಮಾಡ್ಲಾ, ಓಟದ್ದು ಮಾಡ್ಲಾ? ಒಂದ್ಸಲ ಕುಯ್ದ್ ಮ್ಯಾಲೆ ಮತ್ತೆ ದಪ್ಪ ಮಾಡಕ್ಕಾಗಲ್ಲ. ಯೋಚ್ನೆ ಮಾಡಿ ಏಳಿ."

ಆಗ ಬೀಚನಹಳ್ಳಿಯಲ್ಲಿ ಅಣೆಕಟ್ಟೆಯ ಕೆಲಸ ನಡೆಯುತ್ತಿತ್ತು. ಗಟ್ಟಿ ಗಾಡಿಯಿದ್ದವರಿಗೆ ಕಲ್ಲು, ಮರಳು ಹೇರುವ ಕೆಲಸ ವರ್ಷವಿಡೀ ಸಿಗುತ್ತಿತ್ತು. ನಮ್ಮ ಯಜಮಾನರ ಮನಸ್ಸು ಅಲ್ಲಿತ್ತು. ಅವರು ಹೆಚ್ಚು ಮಾತಾಡುವವರಲ್ಲ.

"ಏರೋದೇ ಆಗ್ಲಿ" ಎಂದರು.

"ಓಟದ್ದೇ ಆಗ್ಲಿ" ಎಂದೆ ನಾನು.

"ಓಟದ್ ಗಾಡಿ ತಕಂಡು ಗೊಬ್ರ ಎಲ್ಲಿ ತುಂಬ್ತೀಯೆ? ಮಡ್ಲಲ್ಲಾ?"

"ಗೊಬ್ರ ತಲೆ ಮ್ಯಾಲೆ ಒತ್ತೀನಿ. ಇಷ್ಟ್ ದಿನ ಒತ್ತಿಲ್ವಾ?"

ಅತ್ತೆ ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ಮೊರದಿಂದ ತಲೆಯೆತ್ತದೆ, "ನಮ್ಮೆತ್ತು ಎದ್ ನಿಲ್ಲಕ್ಕೇ ಒಂದ್ ಗಳ್ಗೆ ಬೇಕು. ಅವ್ಕೆ ಓಟದ್ ಗಾಡಿ ಅಂತೆ. ಮುದ್ಕಿಗೆ ಮೂಗ್ಬೊಟ್ಟು" ಎಂದರು.

"ಗಾಡಿ ಅಗುರಾದ್ರೆ ಎತ್ತು ತಾನೇ ಓಡ್ತವೆ ಅತ್ತೆ."

"ಎತ್ತು ಓಡಾದಲ್ಲ ಕಣಮ್ಮೀ, ನಿನ್ ಒಟ್ಟೆ ಒಳ್ಗೆ ಏನೋ ಓಡ್ತಾದೆ."

ಅತ್ತೆ ಹೇಳಿದ್ದು ಸರಿಯೇ. ಹೊಟ್ಟೆಕಿಚ್ಚಿಗೆ ಬೇರೆ ಹೆಸರಿಟ್ಟು ಕರೆಯುವ ಅಭ್ಯಾಸ ನನಗಿಲ್ಲ. ನನ್ನ ಅಪ್ಪನ ಮರ ಗೋಡೆಯಾಚೆಯ ಗಾಡಿಯನ್ನು ಹಿಂದೆ ಹಾಕಬೇಕು, ಅದನ್ನು ಅವಳು ನೋಡಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು. ಸುಮ್ಮನೆ ಮರದ ತುಂಡಾಗಿದ್ದರೆ ಯಜಮಾನರ ಮಾತಿಗೆ ಬಿಟ್ಟುಬಿಡುತ್ತಿದ್ದೆ. ಮರ ನನ್ನದು ಎಂಬುದು ಅವರಿಗೂ ಗೊತ್ತಿತ್ತು, ಅದಕ್ಕೇ ಅವರು ಗದರಲಿಲ್ಲ. ಹೀಗೆ ದಿಮ್ಮಿಗಳು ನೆರಳಿನಲ್ಲಿ ಬಿದ್ದೇ ಇದ್ದವು.

ಕಡೆಗೆ ಅತ್ತೆಯೇ ದಾರಿ ಹೇಳಿದರು. "ಅಮ್ಮನ್ನೇ ಕೇಳ್ರಪ್ಪ. ಊವ ಕೊಟ್ಟಂಗೆ ಮಾಡಿ."

ನಮ್ಮೂರಮ್ಮನ ಗುಡಿಯಲ್ಲಿ ಹೂವು ಕೇಳುವ ಪದ್ಧತಿ. ಪೂಜಾರಿ ಅಮ್ಮನ ಎರಡು ಭುಜದ ಮೇಲೂ ಒದ್ದೆ ಹೂವು ಅಂಟಿಸುತ್ತಾರೆ. ಕೇಳುವವರು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೇಳಿಕೊಳ್ಳಬೇಕು. ಬಲಗಡೆಯ ಹೂವು ಬಿದ್ದರೆ ನಡೆಯುತ್ತದೆ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಬಾಯಿಬಿಟ್ಟು ಕೇಳಬಾರದು. ಕೇಳಿದ್ದು ಏನೆಂದು ಕೆಲಸ ಮುಗಿಯುವ ತನಕ ಒಬ್ಬರ ಮುಂದೊಬ್ಬರು ಎತ್ತಲೂ ಬಾರದು, ಎತ್ತಿದರೆ ಅಪ್ಪಣೆ ಮುರಿಯಿತು ಎಂದು ಲೆಕ್ಕ. ಹಿರಿಯರು ನಡೆಸಿಕೊಂಡು ಬಂದದ್ದು, ನಾವೂ ಹಾಗೇ ನಡೆಸಿದೆವು.

ಶುಕ್ರವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಇಬ್ಬರೂ ಹೋದೆವು. ನಾನು ಕಣ್ಣು ಮುಚ್ಚಿ, "ತಾಯಿ, ಓಟದ ಗಾಡಿ ಆಗಲಿ ಅನ್ನುವುದಾದರೆ ಬಲಗಡೆ ಕೊಡು" ಎಂದು ಕೇಳಿಕೊಂಡೆ. ಪಕ್ಕದಲ್ಲಿ ಯಜಮಾನರೂ ತುಟಿ ಅಲ್ಲಾಡಿಸದೆ ನಿಂತಿದ್ದರು. ಅಮ್ಮ ಒಂದೊಂದು ಸಲ ಮಧ್ಯಾಹ್ನದವರೆಗೂ ಕಾಯಿಸುವಂಥವಳು. ಅವತ್ತು ಮಂಗಳಾರತಿ ಎತ್ತುವ ಮೊದಲೇ ಬಲಭುಜದ ಕಣಗಿಲೆ ಜಾರಿ ಬಿತ್ತು.

ನನ್ನ ಕಣ್ಣಲ್ಲಿ ನೀರು ಬಂತು. ತಿರುಗಿ ನೋಡಿದರೆ ಯಜಮಾನರ ಮುಖವೂ ಅರಳಿತ್ತು. ಇವರು ಎಷ್ಟು ಒಳ್ಳೆಯವರು, ತಮ್ಮ ಮಾತು ಬಿದ್ದರೂ ನನಗಾಗಿ ಸಂತೋಷ ಪಡುತ್ತಿದ್ದಾರೆ ಎಂದುಕೊಂಡೆ. ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ. ಅವರು ಮನಸ್ಸಿನಲ್ಲಿ ಬಲಗಡೆಗೆ ಹೇರುವ ಗಾಡಿಯನ್ನು ಇಟ್ಟುಕೊಂಡು ಕೇಳಿದ್ದರು ಎಂಬುದು ನನಗೆ ಹೇಗೆ ಗೊತ್ತಾಗಬೇಕು? ಕೇಳಿದವರು ಇಬ್ಬರು, ಬಿದ್ದದ್ದು ಒಂದೇ ಹೂವು.

ಮಾರನೆಯ ದಿನವೇ ಯಜಮಾನರು ದಿಮ್ಮಿಗಳನ್ನು ಆಚಾರ್ರ ಕೊಟ್ಟಿಗೆಗೆ ಸಾಗಿಸಿ ಬಂದರು. ನಾನು ಕೆಲಸದವರಿಗೆ ಬುತ್ತಿ ಕೊಡುವ ನೆಪ ಮಾಡಿಕೊಂಡು ಹೋಗಿ ಆಚಾರ್ರನ್ನು ಪಕ್ಕಕ್ಕೆ ಕರೆದೆ.

"ಅಗುರಾಗೇ ಮಾಡ್ರಪ್ಪ. ಅಮ್ಮ ಅಪ್ಪಣೆ ಕೊಟ್ಟವ್ಳೆ. ಯಾರ್ ಮುಂದೂ ಎತ್ಬ್ಯಾಡಿ, ಅಪ್ಪಣೆ ಮುರೀತದೆ."

ಆಚಾರ್ರು ನನ್ನನ್ನೇ ಒಂದು ಕ್ಷಣ ನೋಡಿದರು. ಆಮೇಲೆ ಮರದ ಕಡೆ ನೋಡಿದರು. "ಆಯ್ತು ಕಣವ್ವ" ಎಂದರು. ಅವರ ಗಂಟಲು ಒಣಗಿದ ಹಾಗಿತ್ತು, ಮಜ್ಜಿಗೆ ಕೊಟ್ಟು ಬಂದೆ.

ಮುಂದಿನ ದಿನಗಳಲ್ಲಿ ನನ್ನಷ್ಟು ಒಳ್ಳೆಯ ಓರಗಿತ್ತಿ ಇರಲಿಲ್ಲ. ತಾಮ್ರದ ಕೊಡ ಕಲ್ಲಿನ ಮೇಲೆ ಸದ್ದು ಮಾಡಿದರೆ ನಾನೇ ಎತ್ತಿ ಅವಳ ಸೊಂಟಕ್ಕೆ ಇಡುತ್ತಿದ್ದೆ. "ಏನಮ್ಮೀ, ಮೈ ಉಸಾರಾಗದಾ?" ಎಂದು ಅವಳೇ ಅನುಮಾನ ಪಟ್ಟಳು.

ಗಾಲಿಗೆ ಕಬ್ಬಿಣದ ಹಳಿ ತೊಡಿಸುವ ದಿನ ಬಂತು. ಅದು ಒಬ್ಬಿಬ್ಬರ ಕೆಲಸವಲ್ಲ. ಬೆರಣಿ ಒಟ್ಟಿ ಹಳಿಯನ್ನು ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು ಗಾಲಿಗೆ ಕೂರಿಸಿದ ಕೂಡಲೇ ಸುತ್ತಲಿಂದ ನೀರು ಸುರಿಯಬೇಕು, ಇಲ್ಲವಾದರೆ ಮರ ಹೊತ್ತಿಕೊಳ್ಳುತ್ತದೆ. ಯಾರ ಮನೆಯ ಗಾಡಿಯಾದರೂ ಕೇರಿಯ ಹೆಂಗಸರೆಲ್ಲ ಕೊಡ ಹೊತ್ತು ಹೋಗುವುದು ವಾಡಿಕೆ. ಓರಗಿತ್ತಿಯೂ ಬಂದಳು. ಅವಳು ಬರಲಿ ಎಂದೇ ನಾನು ಕಾದಿದ್ದೆ.

ಆಚಾರ್ರು ಗಾಲಿಗಳನ್ನು ಹೊರಗೆ ಉರುಳಿಸಿದರು. ಒಂದೊಂದನ್ನು ಇಬ್ಬರು ಹಿಡಿದುಕೊಂಡಿದ್ದರು. ಗಾಲಿಯ ನಡುವಿನ ಗುಂಬ ನನ್ನ ಬೀಸುಕಲ್ಲಿನಷ್ಟು ದಪ್ಪ.

"ಇದೇನ್ ಆಚಾರ್ರೇ, ಇಂಗ್ ಮಾಡ್ಬುಟ್ರಿ?" ಎಂದೆ.

ಅದೇ ಹೊತ್ತಿಗೆ ಯಜಮಾನರು ಕೊಟ್ಟಿಗೆಯ ಒಳಗೆ ನಿಂತಿದ್ದ ಗಾಡಿಯ ಮೈ ನೋಡಿದ್ದರು. ಮೈ ಎಂದರೆ ಕೂರುವ ಚೌಕಟ್ಟು, ಮತ್ತು ಎತ್ತುಗಳ ನಡುವೆ ಚಾಚುವ ಉದ್ದನೆಯ ಮೂಕಿ. ಎಲ್ಲ ತೆಳ್ಳಗೆ, ನುಣ್ಣಗೆ, ಕೊಕ್ಕರೆಯ ಕತ್ತಿನ ಹಾಗೆ. ನೋಡಲು ಕಣ್ಣಿಗೆ ಹಬ್ಬ, ಎರಡು ಮೂಟೆ ರಾಗಿಗೆ ಮುರಿಯುವಂಥದ್ದು.

"ಇದೇನ್ ಆಚಾರ್ರೇ, ಇಂಗ್ ಮಾಡ್ಬುಟ್ರಿ?" ಎಂದರು ಅವರೂ.

ಆಚಾರ್ರು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು. "ನಾನೇನ್ ಮಾಡ್ಲಿ ಯಜಮಾನ್ರೇ? ನೀವು ಬಂದು ಗಟ್ಟಿಯಾಗ್ ಮಾಡಿ, ಅಮ್ಮ ಅಪ್ಪಣೆ ಕೊಟ್ಟವ್ಳೆ, ಯಾರ್ಗೂ ಎತ್ಬ್ಯಾಡಿ ಅಂದ್ರಿ. ಅವ್ವಾರು ಬಂದು ಅಗುರಾಗ್ ಮಾಡಿ, ಅಮ್ಮ ಅಪ್ಪಣೆ ಕೊಟ್ಟವ್ಳೆ, ಯಾರ್ಗೂ ಎತ್ಬ್ಯಾಡಿ ಅಂದ್ರು. ಅಮ್ಮನ್ ಮಾತ್ನ ಮೀರಕ್ಕಾಯ್ತದಾ? ಕೇಳಕ್ಕೂ ಇಲ್ಲ, ಬುಡಕ್ಕೂ ಇಲ್ಲ. ಗಾಲಿ ನಿಮ್ ಮಾತಂಗೆ, ಮೈ ಅವ್ವಾರ್ ಮಾತಂಗೆ ಮಾಡಿವ್ನಿ. ನಂಗೂ ಮಕ್ಳು ಮರಿ ಅವೆ."

ಹಳಿ ಬೆಂಕಿಯಲ್ಲಿ ಕೆಂಪಗೆ ಕಾದಿತ್ತು. ಆಮೇಲೆ ನನ್ನ ಓರಗಿತ್ತಿ ಕೊಡವನ್ನು ಕೆಳಗಿಟ್ಟಳು, ಹೊತ್ತುಕೊಂಡು ನಗಲು ಆಗುತ್ತಿರಲಿಲ್ಲ.

"ಕಾಲು ಆನೇದು, ಮೈ ಜಿಂಕೇದು! ಅಮ್ಮೀ, ಇದ್ನ ಕಾಡಿಗೇ ಬುಟ್ಬುಡು ಕಣೇ!"

ಕೇರಿಯೇ ನಕ್ಕಿತು. ಅತ್ತೆಯೂ ನಕ್ಕರು. ನಮ್ಮ ಯಜಮಾನರು ತಲೆ ಕೆರೆದುಕೊಂಡು ಅವರೂ ನಕ್ಕರು, ಅದು ನನಗೆ ಎಲ್ಲಕ್ಕಿಂತ ಹೆಚ್ಚು ಉರಿಯಿತು. ಹಳಿ ಕಾದ ಮೇಲೆ ನಿಲ್ಲಿಸುವ ಹಾಗಿಲ್ಲ. ಗಾಲಿಗೆ ಕೂರಿಸಿದರು, ನಾವು ನೀರು ಸುರಿದೆವು. ಆವಿ ಎದ್ದು ಮುಖಕ್ಕೆ ಹೊಡೆಯಿತು. ಅಳು ಬಂದರೂ ಆವಿ ಎನ್ನಬಹುದಿತ್ತು. ಅಷ್ಟು ಮರ್ಯಾದೆಯನ್ನು ಅಮ್ಮ ಉಳಿಸಿಕೊಟ್ಟಳು.

ಗಾಡಿಯನ್ನು ಹಾಗೇ ಜೋಡಿಸಿ ಮನೆ ಮುಂದೆ ತಂದು ನಿಲ್ಲಿಸಿದೆವು. ಭಾರ ಹೇರಿದರೆ ಮೈ ನರಳುತ್ತಿತ್ತು, ಓಡಿಸಿದರೆ ಗಾಲಿ ಏಳುತ್ತಿರಲಿಲ್ಲ. ಹೋಗಿಬರುವವರೆಲ್ಲ ನಿಂತು ನೋಡಿ ಹೋಗುವರು. ಆ ದಿನಗಳಲ್ಲಿ ಗೋಡೆಯಾಚೆಯ ಗೆಜ್ಜೆ ಸದ್ದು ಎಂದಿಗಿಂತ ಜೋರಾಗಿ ಕೇಳುತ್ತಿತ್ತು. ಬೇಕೆಂದೇ ಇಬ್ಬರೂ ಕೂತು ಅಲ್ಲಾಡಿಸುತ್ತಿದ್ದಾರೇನೋ ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ ಹೊಸ್ತಿಲಿಗೆ ರಂಗೋಲಿ ಹಾಕುತ್ತಿದ್ದಾಗ ಓರಗಿತ್ತಿ ಬಂದು ನಿಂತಳು. ಕೊಡವಿಲ್ಲ, ನಗುವಿಲ್ಲ.

"ನಿಮ್ ಭಾವನ್ ಗಾಡಿ ಮೂಕಿ ಸೀಳ್ಬುಟ್ಟದೆ ಕಣಮ್ಮೀ. ಸುಗ್ಗಿ ಓಟ ಅತ್ರಾಯ್ತು. ನಿಮ್ಮ ಗಾಡಿ ಮೈ ನಮ್ಗೆ ಕೊಟ್ರೆ ನಮ್ ಗಾಲಿಗೆ ಕೂರ್ತದೆ ಅಂತ ಆಚಾರ್ರು ಅಂದ್ರು. ಕೊಟ್ಟಿಗೇಲಿ ನಮ್ ಅಳೇ ಗಾಡಿ ಮೈ ಬಿದ್ದದೆ, ಗಟ್ಟಿಗದೆ. ಅದ್ನ ನೀವ್ ತಕಳಿ."

ಅವಳು ಏನನ್ನಾದರೂ ಕೇಳಲು ನನ್ನ ಹೊಸ್ತಿಲಿಗೆ ಬಂದದ್ದು ಅದೇ ಮೊದಲು. ನಾನು ರಂಗೋಲಿಯ ಎಳೆಗಳನ್ನು ನಿಧಾನವಾಗಿ ಮುಗಿಸಿದೆ. ಬೇಕಿಲ್ಲದ ಕಡೆಯೂ ಒಂದೆರಡು ಹೂವು ಬಿಡಿಸಿದೆ.

"ಮರ ನಂದು. ನಾನ್ ಯೋಚ್ನೆ ಮಾಡ್ಬೇಕು" ಎಂದೆ.

"ಮಾಡು ಮಾಡು. ರಂಗೋಲಿ ಮುಗುದ್ ಮ್ಯಾಲೆ ಏಳು" ಎಂದು ಜಗುಲಿಯ ಮೇಲೆ ಕೂತಳು.

ಒಳಗಿನಿಂದ ಅತ್ತೆ, "ಯೋಚ್ನೆ ಏನು ಬಂತು? ಅಮ್ಮ ಇಬ್ರಿಗೂ ಕೊಟ್ಟವ್ಳೆ. ನೀವ್ ಈಸ್ಕಳಕ್ಕೆ ಇಷ್ಟು ದಿನ ಮಾಡುದ್ರಿ" ಎಂದು ಕೂಗಿದರು.

ಕೊಟ್ಟೆವು. ನಮ್ಮ ಆನೆಕಾಲಿನ ಗಾಲಿಗಳ ಮೇಲೆ ಹಳೆಯ ಗಾಡಿಯ ಮೈ ಕೂತಿತು. ಯಜಮಾನರು ಬೀಚನಹಳ್ಳಿಗೆ ಮರಳು ಹೇರಲು ಹೋಗತೊಡಗಿದರು. ನಮ್ಮ ಮುದಿ ಎತ್ತುಗಳಿಗೂ ಆ ನಿಧಾನ ಒಗ್ಗಿತು. ಮನೆಯಲ್ಲಿ ಎಣ್ಣೆ, ಬೆಲ್ಲಕ್ಕೆ ತತ್ವಾರವಾಗಲಿಲ್ಲ. ದೀಪ ಹಚ್ಚುವಾಗ ಅದನ್ನು ನೆನೆಯುತ್ತಿದ್ದೆ. ನೆನೆದರೂ, ನನ್ನ ಜಾಲಿಯ ನುಣುಪಾದ ಭಾಗವೆಲ್ಲ ಗೋಡೆಯಾಚೆ ನಿಂತಿದೆ, ಅದರ ಮೇಲೆ ಅವಳು ಕೂರುತ್ತಾಳೆ ಎಂಬುದು ಗಂಟಲಲ್ಲಿ ಮುಳ್ಳಿನ ಹಾಗೆ ಇತ್ತು.

ಸುಗ್ಗಿ ಓಟಕ್ಕೆ ನಾವೆಲ್ಲ ನಮ್ಮ ಗಾಡಿಯಲ್ಲೇ ಹೋದೆವು. ಕೋಟೆಯಾಚೆಯ ಕೊಯ್ದ ಬಯಲು, ಬದುವಿನ ಮೇಲೆ ಹೆಂಗಸರು. ನಾನು ಏನು ಬೇಡಿಕೊಂಡು ಕೂತಿದ್ದೆ ಎಂದು ಮುಚ್ಚಿಡುವುದೇನು, ಅವರು ಸೋಲಲಿ ಎಂದೇ. ಒಂದು ವರ್ಷವಾದರೂ ಬಾವಿಕಟ್ಟೆಗೆ ಹೊಸ ಪಾತ್ರೆ ಬಾರದಿರಲಿ ಎಂದು.

ಗಾಡಿಗಳು ಹೊರಟವು. ಭಾವನವರ ಗಾಡಿ ಮೊದಲು ಧೂಳಿನಲ್ಲಿ ಕಾಣಲೇ ಇಲ್ಲ. ಆಮೇಲೆ ಕಂಡಿತು. ಮುಂದೆ ಚಾಚಿದ ಮೂಕಿ, ಅದರ ಹೊಳಪು. ಅದನ್ನು ಕಂಡೊಡನೆ ನನಗೆ ತವರಿನ ಹೊಲದ ಬದು ಕಂಡಂತಾಯಿತು. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. ಎದ್ದು ನಿಂತು, "ಓಡ್ರಪ್ಪಾ, ಓಡೀ!" ಎಂದು ಕಿರುಚಿದೆ. ತಲೆಯ ಮೇಲಿನ ಸೆರಗು ಎಲ್ಲೋ ಹೋಯಿತು.

ಕೆ.ಆರ್. ನಗರದ ಕಡೆಯ ಒಂದು ಜೊತೆ ಎತ್ತು ಅವರನ್ನು ಕಡೆಯ ಗಳಿಗೆಯಲ್ಲಿ ಹಿಂದೆ ಹಾಕಿತು. ಭಾವನವರು ಸೋತರು.

ನಾನು ಬೇಡಿಕೊಂಡದ್ದೇ ಆಗಿತ್ತು. ಸುಖವಾಗಿ ನಗಬೇಕಿತ್ತು. ಆದರೆ ಸೋತದ್ದು ನನ್ನ ಅಪ್ಪನ ಮರ. ನಗು ಬರಲಿಲ್ಲ. ಓರಗಿತ್ತಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ನಿನ್ ಜಾಲಿ ಭಾರ ಆಯ್ತು ಕಣಮ್ಮೀ. ಅದ್ಕೇ ಸೋತೊ."

"ಏನಕ್ಕ ಅಂದೆ? ನನ್ ಜಾಲಿ ಭಾರನಾ? ನಿನ್ನೆತ್ತು ಬೆಳಿಗ್ಗೆ ಮಂಕ್ರಿ ತುಂಬ ಹಿಂಡಿ ತಿಂದ್ವಲ್ಲ, ಅದು ಭಾರ!"

"ಎತ್ತಿನ್ ಸುದ್ದಿ ತೆಗೀಬ್ಯಾಡ!"

"ಮರದ್ ಸುದ್ದಿ ನೀನ್ ತೆಗೀಬ್ಯಾಡ!"

ಹಿಂದಿರುಗುವಾಗ ಅವಳು ನಮ್ಮ ಗಾಡಿಯಲ್ಲಿ ನನ್ನ ಎದುರಿಗೇ ಕೂತಿದ್ದಳು. ಊರು ಬರುವ ತನಕ ಇಬ್ಬರೂ ಬೇರೆ ಬೇರೆ ಕಡೆ ನೋಡಿದೆವು.

ಆಮೇಲೆ ಭಾವನವರು ಬೇರೆ ಮರದ ಮೂಕಿ ಹಾಕಿಸುವ ಮಾತಾಡುತ್ತಿರುವುದು ಗೋಡೆಯ ಮೇಲಿಂದ ಕೇಳಿಸಿತು. ಜಾಲಿ ತೆಗೆದುಬಿಡೋಣ, ಸೌದೆಗಾದರೂ ಆಗುತ್ತದೆ ಎಂದು ಅವಳು ಹೇಳಿದ್ದೂ ಕೇಳಿಸಿತು. ನನಗೆ ಕೂರಲಾಗಲಿಲ್ಲ. ಹರಳೆಣ್ಣೆಯ ಬಟ್ಟಲು, ಒಂದು ಹಳೆಯ ಬಟ್ಟೆ ತೆಗೆದುಕೊಂಡು ಆಚೆ ಮನೆಯ ಅಂಗಳಕ್ಕೆ ಹೋದೆ. ಭಾವನವರಿಗೆ, "ಇನ್ನೊಂದ್ ಸುಗ್ಗಿ ಕಟ್ಟಿ ನೋಡಿ ಭಾವ. ಈ ವರ್ಸ ಇನ್ನೂ ಅಸಿಯಾಗಿತ್ತು, ಒಣುಗ್ಲಿ" ಎಂದೆ. ಅವರು ಎಲೆ ಅಡಿಕೆ ಹಾಕಿಕೊಂಡು ಎದ್ದು ಹೋದರು. ನಾನು ನೆಲದ ಮೇಲೆ ಕೂತು ಮೂಕಿಗೆ ಎಣ್ಣೆ ಉಜ್ಜತೊಡಗಿದೆ. ಓರಗಿತ್ತಿಯ ಗಾಡಿ ಮುಂದಿನ ವರ್ಷ ಗೆಲ್ಲಲಿ ಎಂದು ನಾನೇ ಅಮ್ಮನಲ್ಲಿ ಬೇಡಿಕೊಳ್ಳಬೇಕಾಗಿ ಬಂತಲ್ಲ ಎಂದು ಹೊಟ್ಟೆ ಉರಿಯುತ್ತಲೇ ಇತ್ತು, ಬೇಡಿಕೊಳ್ಳುತ್ತಲೂ ಇದ್ದೆ.

ಅವಳು ಬಾಗಿಲಲ್ಲಿ ನಿಂತು ನೋಡಿದಳು. "ಏನ್ ಮಾಟ ಮಾಡ್ತಿದ್ದೀಯೇ?"

"ಎಣ್ಣೆ ಅಚ್ತಿವ್ನಿ. ಕಣ್ ಕಾಣಕಿಲ್ವಾ?"

"ಗೆದ್ರೆ ನಿಂದೇ ಅಂತೀಯೇನಮ್ಮೀ?"

"ಗೆದ್ರೆ ಮೂಕಿ ನಂದು. ಸೋತ್ರೆ ಎತ್ತು ನಿಮ್ದು."

ಅವಳು ಏನೋ ಅಂದಳು. ನಾನು ತಲೆಯೆತ್ತಲಿಲ್ಲ. ನೊಗ ಕಟ್ಟುವ ಕಡೆ ಮರ ಇನ್ನೂ ಒರಟಾಗಿತ್ತು, ಅಲ್ಲಿಗೆ ಇನ್ನೊಂದು ಕೈ ಎಣ್ಣೆ ಬೇಕಿತ್ತು.